ಹೊಸ ಆಂಡ್ರಾಯ್ಡ್ ಫೋನ್: ಮೊದಲ ವಾರದಲ್ಲಿ ಮಾಡಬೇಕಾದ ಕೆಲಸಗಳು

ಅಂಗಡಿಯ ಬೆಳಕಿನಲ್ಲಿ ಯಾವ ಫೋನೂ ಕೆಟ್ಟದಾಗಿ ಕಾಣುವುದಿಲ್ಲ. ಕೋಲಾರದ ಎಂ.ಜಿ. ರಸ್ತೆಯಲ್ಲಿ ಕೊಳ್ಳಿ, ಮುಳಬಾಗಿಲಿನಲ್ಲಿ ಕೊಳ್ಳಿ, ಶ್ರೀನಿವಾಸಪುರದಲ್ಲಿ ಕೊಳ್ಳಿ, ಮೊದಲು ಕಣ್ಣು ಹೋಗುವುದು ಪರದೆಯ ಹೊಳಪಿಗೆ, ಹಿಂಬದಿಯ ಬಣ್ಣಕ್ಕೆ, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಮೆಗಾಪಿಕ್ಸೆಲ್ ಅಂಕಿಗೆ. ಮುಂದಿನ ಮೂರು ನಾಲ್ಕು ವರ್ಷ ಆ ಫೋನ್ ನಿಮ್ಮ ಕೈಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇವು ಯಾವುವೂ ಹೇಳುವುದಿಲ್ಲ. ಬೆಳಗ್ಗೆ ಮಂಡಿಯ ಗದ್ದಲದಲ್ಲಿ ಕರೆ ಕೇಳಿಸಬೇಕು, ಮಧ್ಯಾಹ್ನ ತೋಟದ ಬಿಸಿಲಿನಲ್ಲಿ ಪರದೆ ಓದಲು ಬರಬೇಕು, ಸಂಜೆ ಕೂಲಿ ಬಟವಾಡೆಗೆ ಹಣ ಹೋಗಬೇಕು. ಫೋನ್ ಒಳ್ಳೆಯದೋ ಅಲ್ಲವೋ ಎಂಬುದು ನಿಮ್ಮ ಕೆಲಸದಲ್ಲಿ, ನಿಮ್ಮ ಊರಿನಲ್ಲಿ ತಿಳಿಯಬೇಕು. ಬಿಲ್ಲು, ಡಬ್ಬಿ, ಅಂಗಡಿಯವರ ನೆನಪು ಎಲ್ಲವೂ ಹೊಸದಾಗಿರುವ ಮೊದಲ ವಾರವೇ ಅದಕ್ಕೆ ತಕ್ಕ ಸಮಯ. ಆ ವಾರ ಹಳೆಯ ಫೋನನ್ನು ಯಾರಿಗೂ ಕೊಡಬೇಡಿ, ಅದರಲ್ಲಿರುವುದನ್ನು ಅಳಿಸಬೇಡಿ.

ಅಂಗಡಿ ಬಿಡುವ ಮುನ್ನ

ಡಬ್ಬಿಯ ಸೀಲ್ ನಿಮ್ಮ ಎದುರಿಗೇ ಒಡೆಯಲಿ. ಆನ್‌ಲೈನಿನಲ್ಲಿ ತರಿಸಿದ್ದರೆ ಡಬ್ಬಿ ತೆರೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ವಿಡಿಯೊದಲ್ಲಿ ಹಿಡಿದಿಟ್ಟುಕೊಳ್ಳಿ. ಫೋನ್ ಚಾಲೂ ಆದ ತಕ್ಷಣ ಡಯಲ್ ಪ್ಯಾಡ್‌ನಲ್ಲಿ *#06# ಒತ್ತಿರಿ. 15 ಅಂಕಿಗಳ ಐಎಂಇಐ ಸಂಖ್ಯೆ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ, ಎರಡು ಸಿಮ್ ಫೋನಾದರೆ ಎರಡು ಸಂಖ್ಯೆ. ಡಬ್ಬಿಯ ಮೇಲೆ ಮತ್ತು ಬಿಲ್ಲಿನಲ್ಲಿ ಅದೇ ಸಂಖ್ಯೆ ಇದೆಯೇ ಎಂದು ಅಂಕಿ ಅಂಕಿ ತಾಳೆ ನೋಡಿ. ಇನ್ನೊಂದು ಪರೀಕ್ಷೆಯೂ ಇದೆ. ಸಂದೇಶದ ಜಾಗದಲ್ಲಿ ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳನ್ನು ಬರೆದು, ಒಂದು ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಕಳುಹಿಸಿದರೆ ಅದು ಯಾವ ಕಂಪನಿಯ ಯಾವ ಮಾದರಿ, ಸಂಖ್ಯೆ ಸಕ್ರಮವಾಗಿದೆಯೇ ಎಂಬ ಉತ್ತರ ಬರುತ್ತದೆ. ಕೇಂದ್ರ ದೂರಸಂಪರ್ಕ ಇಲಾಖೆಯ ಈ ವ್ಯವಸ್ಥೆ ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರಿಗಂತೂ ತೀರಾ ಬೇಕಾದದ್ದು.

ಬಿಲ್ಲಿನ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಮೊಬೈಲ್ ಮೇಲೆ ಶೇ 18ರಷ್ಟು ಜಿಎಸ್‌ಟಿ ಇದೆ. ‘ಬಿಲ್ ಬೇಡವಾದರೆ ಸ್ವಲ್ಪ ಕಡಿಮೆ ಮಾಡಿಕೊಡುತ್ತೇನೆ’ ಎನ್ನುವವರು ಸಿಗುತ್ತಾರೆ. ಆ ಕಡಿತಕ್ಕೆ ಆಸೆಪಟ್ಟರೆ ಫೋನ್ ಕೆಟ್ಟಾಗಲೂ ಕಷ್ಟ, ಕಳುವಾದಾಗಲೂ ಕಷ್ಟ. ಫೋನಿಗೆ ಸಾಮಾನ್ಯವಾಗಿ ಒಂದು ವರ್ಷ, ಚಾರ್ಜರ್ ಮತ್ತು ಕೇಬಲ್‌ಗೆ ಆರು ತಿಂಗಳು ವಾರಂಟಿ ಇರುತ್ತದೆ. ಡಬ್ಬಿಯಲ್ಲಿ ಚಾರ್ಜರ್ ಇದೆಯೇ ಎಂದು ಈಗ ಕೇಳಿಯೇ ತಿಳಿಯಬೇಕು, ಹಲವು ಕಂಪನಿಗಳು ಅದನ್ನು ಕೊಡುವುದು ಬಿಟ್ಟಿವೆ. ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಕೋಲಾರದಲ್ಲೇ ಇದೆಯೇ, ಇಲ್ಲ ಬೆಂಗಳೂರಿಗೆ ಓಡಬೇಕೇ ಎಂಬುದನ್ನೂ ವಿಚಾರಿಸಿ. ಒಂದೇ ಬೆಲೆಯ ಎರಡು ಫೋನುಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಹತ್ತಿರದಲ್ಲಿ ಸರ್ವಿಸ್ ಸಿಗುವುದನ್ನೇ ಆರಿಸಿ ಎನ್ನುತ್ತೇನೆ ನಾನು. ಕಂತಿನಲ್ಲಿ ಕೊಳ್ಳುವವರು, ಕಂತು ತಪ್ಪಿದರೆ ಫೋನನ್ನೇ ಲಾಕ್ ಮಾಡುವ ಆ್ಯಪ್ ಹಾಕಿದ್ದಾರೆಯೇ ಎಂದು ಕಾಗದಕ್ಕೆ ಸಹಿ ಮಾಡುವ ಮೊದಲೇ ಕೇಳಬೇಕು.

ಡಬ್ಬಿಯ ಅಂಕಿಗಳ ಬಗ್ಗೆ ಎರಡು ಮಾತು. ‘8+8 ಜಿಬಿ’ ಎಂದಿದ್ದರೆ ನಿಜವಾದ ರ್‍ಯಾಮ್ ಎಂಟೇ. ಇನ್ನೆಂಟು ಜಿಬಿಯನ್ನು ಫೈಲುಗಳ ಜಾಗದಿಂದ ಎರವಲು ಪಡೆಯುತ್ತದೆ, ಅದು ನಿಜವಾದ ರ್‍ಯಾಮ್‌ನಷ್ಟು ವೇಗವಾಗಿರುವುದಿಲ್ಲ. 50 ಮೆಗಾಪಿಕ್ಸೆಲ್ ಕ್ಯಾಮೆರಾ ಕೂಡ ಮಾಮೂಲಿ ಬಳಕೆಯಲ್ಲಿ ನಾಲ್ಕು ಬಿಂದುಗಳನ್ನು ಒಂದಾಗಿಸಿ ಸುಮಾರು 12.5 ಮೆಗಾಪಿಕ್ಸೆಲ್ ಚಿತ್ರವನ್ನೇ ಉಳಿಸುತ್ತದೆ. ಇದರಲ್ಲಿ ಮೋಸವೇನಿಲ್ಲ, ಕಡಿಮೆ ಬೆಳಕಿನಲ್ಲಿ ಚಿತ್ರ ಚೆನ್ನಾಗಿ ಬರಲೆಂದೇ ಹೀಗೆ ಮಾಡಿರುತ್ತಾರೆ. ಆದರೆ ಆ ದೊಡ್ಡ ಅಂಕಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಕೋಲಾರ ತಾಲ್ಲೂಕಿನ ನರಸಾಪುರದಲ್ಲೇ ಐಫೋನ್ ತಯಾರಾಗುತ್ತದೆ. ಆದರೂ ಇಲ್ಲಿನ ಬಹುಪಾಲು ಮನೆಗಳಿಗೆ ಬರುವುದು ಆಂಡ್ರಾಯ್ಡ್. ಹಾಗಾಗಿ ಈ ಲೇಖನ ಅದಕ್ಕಷ್ಟೇ ಸೀಮಿತ.

ಮೊದಲ ಸಂಜೆ: ಭಾಷೆ, ಹೆಸರುಗಳು, ಅಪ್‌ಡೇಟ್

‘ಮೊದಲ ಸಲ ಎಂಟು ಗಂಟೆ ಚಾರ್ಜ್ ಹಾಕಬೇಕು’ ಎಂಬ ಮಾತು ಹಳೆಯ ನಿಕ್ಕಲ್ ಬ್ಯಾಟರಿಗಳ ಕಾಲದ್ದು. ಈಗಿನ ಲಿಥಿಯಂ ಬ್ಯಾಟರಿಗೆ ಅದು ಬೇಕಿಲ್ಲ. ತಂದ ಕೂಡಲೇ ಬಳಸಬಹುದು. ಆದರೆ ಪಂಪ್ ಮನೆಯ ಬೋರ್ಡಿಗೆ ಚಾರ್ಜರ್ ಸಿಕ್ಕಿಸುವ ಅಭ್ಯಾಸ ಮಾತ್ರ ಬೇಡ, ಅಲ್ಲಿನ ವೋಲ್ಟೇಜ್ ಏರಿಳಿತ ಹೊಸ ಚಾರ್ಜರನ್ನೂ ಉಳಿಸುವುದಿಲ್ಲ.

ಫೋನ್ ಚಾಲೂ ಮಾಡಿದಾಗ ಮೊದಲು ಕೇಳುವುದೇ ಭಾಷೆ. ಅಂಗಡಿಯವರು ಅವಸರದಲ್ಲಿ ಇಂಗ್ಲಿಷ್ ಒತ್ತಿ ಮುಂದೆ ಹೋಗಿರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ ಅಥವಾ ಹೆಚ್ಚುವರಿ ಸೆಟ್ಟಿಂಗ್ಸ್ ಎಂಬಲ್ಲಿ ಭಾಷೆಗಳ ಪಟ್ಟಿ ಇರುತ್ತದೆ, ಅಲ್ಲಿ ಕನ್ನಡ ಆರಿಸಿದರೆ ಇಡೀ ಫೋನ್ ಕನ್ನಡಕ್ಕೆ ತಿರುಗುತ್ತದೆ. ಇದನ್ನು ಅಭಿಮಾನಕ್ಕಷ್ಟೇ ಹೇಳುತ್ತಿಲ್ಲ. ಒಂದು ಆ್ಯಪ್ ‘ನಿಮ್ಮ ಸಂದೇಶಗಳನ್ನು ಓದಲು ಅನುಮತಿಸಬೇಕೇ?’ ಎಂದು ಕೇಳಿದಾಗ, ಆ ವಾಕ್ಯ ಇಂಗ್ಲಿಷಿನಲ್ಲಿದ್ದರೆ ಬಹಳಷ್ಟು ಹಿರಿಯರು ಕಣ್ಣು ಮುಚ್ಚಿ ಬಲಗಡೆಯ ಗುಂಡಿ ಒತ್ತುತ್ತಾರೆ. ಕನ್ನಡದಲ್ಲಿದ್ದರೆ ಒಂದು ಕ್ಷಣ ನಿಂತು ಓದುತ್ತಾರೆ. ಹಣ ಉಳಿಯುವುದು ಆ ಒಂದು ಕ್ಷಣದಲ್ಲಿ. ಅಮ್ಮನಿಗೋ ತಾತನಿಗೋ ಕೊಡುವ ಫೋನಾದರೆ ಅಕ್ಷರದ ಗಾತ್ರವನ್ನೂ ಆಗಲೇ ಒಂದೆರಡು ಹಂತ ಹಿಗ್ಗಿಸಿಬಿಡಿ.

ನಮ್ಮ ಜಿಲ್ಲೆಯಲ್ಲಿ ಕನ್ನಡದ ಜೊತೆ ತೆಲುಗು ಇಲ್ಲದ ಮನೆ ಹುಡುಕಬೇಕು. ಗೂಗಲ್ ಕೀಬೋರ್ಡ್‌ಗೆ ಎರಡನ್ನೂ ಸೇರಿಸಿಕೊಳ್ಳಬಹುದು, ಗ್ಲೋಬ್ ಚಿತ್ರದ ಕೀಲಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಟೈಪ್ ಮಾಡಲು ಬೇಸರವಿರುವವರು ಮೈಕ್ ಚಿತ್ರ ಒತ್ತಿ ಕನ್ನಡದಲ್ಲೇ ಮಾತಾಡಲಿ, ಫೋನ್ ಬರೆದುಕೊಳ್ಳುತ್ತದೆ. ಸ್ವಲ್ಪ ನಿಧಾನವಾಗಿ, ಪದ ಬಿಡಿಸಿ ಹೇಳಿದರೆ ತಪ್ಪು ಕಡಿಮೆ. ಕನ್ನಡದ ಮಧ್ಯೆ ತೆಲುಗು ಬೆರೆಸಿದರೆ ಮಾತ್ರ ಅದಕ್ಕೆ ಗೊಂದಲ.

ಹೆಸರು, ನಂಬರ್‌ಗಳು ಎಲ್ಲಿವೆ ನೋಡಿಕೊಳ್ಳಿ. ಹಳೆಯ ಫೋನಿನ ಸಂಪರ್ಕಗಳು ಕೆಲವು ಸಿಮ್‌ನಲ್ಲಿ, ಕೆಲವು ಫೋನಿನಲ್ಲಿ, ಕೆಲವು ಗೂಗಲ್ ಖಾತೆಯಲ್ಲಿ ಚದುರಿರುತ್ತವೆ. ಎಲ್ಲವನ್ನೂ ಗೂಗಲ್ ಖಾತೆಗೆ ಸೇರಿಸಿದರೆ ಫೋನ್ ಕೆರೆಗೆ ಬಿದ್ದರೂ ನಂಬರ್ ಉಳಿಯುತ್ತವೆ. ಖಾತೆಯ ಪಾಸ್‌ವರ್ಡನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ, ಅಂಗಡಿಯ ಹುಡುಗ ಮಾಡಿಕೊಟ್ಟ ಖಾತೆಯನ್ನಂತೂ ಇಟ್ಟುಕೊಳ್ಳಲೇಬೇಡಿ. ವಾಟ್ಸ್‌ಆ್ಯಪ್ ಮಾತುಕತೆಗಳನ್ನು ಹಳೆಯದರಿಂದ ಹೊಸದಕ್ಕೆ ತರಲು, ಎರಡೂ ಫೋನ್ ಪಕ್ಕದಲ್ಲಿಟ್ಟುಕೊಂಡು ಹಳೆಯ ಫೋನಿನ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ ವರ್ಗಾವಣೆ ಆಯ್ದು ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸಾಕು. ಗೂಗಲ್ ಡ್ರೈವ್ ಬ್ಯಾಕಪ್ ಮೂಲಕವೂ ಬರುತ್ತದೆ. ಆದರೆ ಅದು ಈಗ 15 ಜಿಬಿ ಉಚಿತ ಜಾಗದಲ್ಲೇ ಲೆಕ್ಕಕ್ಕೆ ಸೇರುತ್ತದೆ, ಮದುವೆ ವಿಡಿಯೊಗಳು ತುಂಬಿದ್ದರೆ ಜಾಗ ಸಾಲುವುದಿಲ್ಲ.

ಮಲಗುವ ಮೊದಲು ಸಿಸ್ಟಂ ಅಪ್‌ಡೇಟ್ ಇದೆಯೇ ನೋಡಿ, ಇದ್ದರೆ ಹಾಕಿಬಿಡಿ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಇದ್ದ ಫೋನಿಗೆ ಎರಡು ಮೂರು ಅಪ್‌ಡೇಟ್‌ಗಳು ಒಂದರ ಹಿಂದೆ ಒಂದು ಬರಬಹುದು. ಅವೆಲ್ಲ ಮುಗಿಯುವವರೆಗೆ, ಮತ್ತು ಅದಾದ ಒಂದೆರಡು ದಿನ, ಫೋನ್ ಸ್ವಲ್ಪ ಬಿಸಿಯಾಗುವುದು, ಬ್ಯಾಟರಿ ಬೇಗ ಇಳಿಯುವುದು ಸಹಜ. ಆ ಎರಡು ದಿನಗಳಲ್ಲಿ ಫೋನಿನ ಬಗ್ಗೆ ತೀರ್ಪು ಕೊಡಬೇಡಿ.

ಸಿಮ್, ಟವರ್, ಮೋಟಾರ್

ಸಿಮ್ ಹಾಕಿದ ಮೇಲೆ ಮನೆಯ ಒಳಕೋಣೆಯಲ್ಲಿ ನಿಂತು ಒಂದು ಕರೆ, ತೋಟದ ಶೆಡ್ಡಿನಲ್ಲಿ ಒಂದು ಕರೆ, ಬಸ್ಸಿನಲ್ಲಿ ಒಂದು ಕರೆ ಮಾಡಿ. ಹಳೆಯ ಫೋನಿನಲ್ಲಿ ಸಿಗ್ನಲ್ ಸಿಗುತ್ತಿದ್ದ ಜಾಗದಲ್ಲೇ ಹೊಸದರಲ್ಲಿ ಕಡಿದುಹೋದರೆ ಗಮನಿಸಬೇಕಾದ ಮಾತು. ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ (4ಜಿ ಮೂಲಕ ಕರೆ ಹೋಗುವ ಸೌಲಭ್ಯ) ಆನ್ ಆಗಿರಬೇಕು. 5ಜಿ ನಿಮ್ಮೂರಿನಲ್ಲಿ ಒಂದು ಗೆರೆಯಷ್ಟೇ ಬಂದು ಹೋಗುತ್ತಿದ್ದರೆ ನೆಟ್‌ವರ್ಕನ್ನು 4ಜಿಗೆ ಇಟ್ಟುಬಿಡಿ; ಸಿಗ್ನಲ್ ಹುಡುಕಾಟದಲ್ಲೇ ಬ್ಯಾಟರಿ ಖಾಲಿಯಾಗುವುದು ತಪ್ಪುತ್ತದೆ. ನಂಗಲಿಯಂಥ ಗಡಿ ಊರುಗಳಲ್ಲಿ ಫೋನ್ ಆಂಧ್ರದ ಟವರ್ ಹಿಡಿದುಬಿಡಬಹುದು. ಆಗ ಡೇಟಾ ರೋಮಿಂಗ್ ಆಫ್ ಇದ್ದರೆ ಕರೆ ಬರುತ್ತಿದ್ದರೂ ಇಂಟರ್ನೆಟ್ ನಿಲ್ಲಬಹುದು. ಅಲ್ಲಿನವರು ಅದನ್ನು ಆನ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಬೋರ್‌ವೆಲ್ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡವರಿಗೆ ಒಂದು ವಿಶೇಷ ಸೂಚನೆ. ಸ್ಟಾರ್ಟರ್‌ನಲ್ಲಿ ನಿಮ್ಮ ಯಾವ ನಂಬರ್ ನೋಂದಾಯಿಸಿದೆಯೋ ಆ ನಂಬರಿನ ಕರೆಗೆ ಮಾತ್ರ ಮೋಟಾರ್ ಸ್ಪಂದಿಸುತ್ತದೆ. ಹೊಸ ಫೋನ್ ತನ್ನಷ್ಟಕ್ಕೆ ಇನ್ನೊಂದು ಸಿಮ್ಮಿನಿಂದ ಕರೆ ಮಾಡಿದರೆ ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಮೋಟಾರ್ ಏಳುವುದೇ ಇಲ್ಲ, ದೋಷ ಸ್ಟಾರ್ಟರ್‌ದೆಂದು ಮೆಕ್ಯಾನಿಕ್‌ಗೆ ಹೇಳಿಕಳುಹಿಸುವಂತಾಗುತ್ತದೆ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಕರೆಗೆ ಯಾವ ಸಿಮ್ ಎಂಬುದನ್ನು ನಿಗದಿ ಮಾಡಿ, ಇಲ್ಲವೇ ‘ಪ್ರತಿ ಸಲ ಕೇಳು’ ಎಂದಿಡಿ. ಹಗಲಿನಲ್ಲೇ ಒಂದು ಸಲ ಮೋಟಾರ್ ಹಾಕಿ, ನಿಲ್ಲಿಸಿ ನೋಡಿ.

ಹಣದ ವ್ಯವಹಾರ

ಹೊಸ ಫೋನಿಗೆ ಯುಪಿಐ ಹಾಕಿಕೊಳ್ಳಲು ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು, ಮತ್ತು ಅದರಿಂದ ಎಸ್‌ಎಂಎಸ್ ಹೋಗುವಂತಿರಬೇಕು. ರೀಚಾರ್ಜ್ ಮುಗಿದಿದ್ದರೆ ನೋಂದಣಿಯೇ ಆಗುವುದಿಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಹೊಸ ಫೋನಿನಲ್ಲಿ ಯುಪಿಐ ಶುರುಮಾಡಿದ ಮೊದಲ 24 ಗಂಟೆಗಳಲ್ಲಿ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಕಳುಹಿಸಲು ಬಿಡುವುದಿಲ್ಲ. ಕಳ್ಳರು ಬೇರೆ ಫೋನಿನಲ್ಲಿ ನಿಮ್ಮ ಖಾತೆ ತೆರೆದು ಒಮ್ಮೆಗೇ ದೋಚದಿರಲಿ ಎಂದು ಇಟ್ಟಿರುವ ತಡೆ ಅದು, ಇರಬೇಕಾದದ್ದೇ. ಆದರೆ ಕೂಲಿ ಬಟವಾಡೆಯ ದಿನ, ಗೊಬ್ಬರದಂಗಡಿಯ ಬಾಕಿ ತೀರಿಸುವ ದಿನ, ಮಗನ ಕಾಲೇಜು ಶುಲ್ಕದ ಕೊನೆಯ ದಿನ ಫೋನ್ ಬದಲಿಸಿದರೆ ಕೈಕಟ್ಟಿ ಹಾಕಿದಂತಾಗುತ್ತದೆ. ದೊಡ್ಡ ಪಾವತಿ ಇಲ್ಲದ ದಿನ ನೋಡಿ ಬದಲಿಸಿ.

ಪಿನ್ ನೀವೇ ಒತ್ತಿ, ಅಂಗಡಿಯ ಹುಡುಗನಾಗಲಿ ನೆಂಟರ ಹುಡುಗನಾಗಲಿ ಪಕ್ಕದಲ್ಲಿ ನಿಂತು ನೋಡುವುದು ಬೇಡ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಹಣ ಹಾಕುತ್ತೇನೆ, ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ತೋಟದಲ್ಲಿ, ಮಂಡಿಯಲ್ಲಿ

ನನ್ನ ಲೆಕ್ಕದಲ್ಲಿ ನಿಜವಾದ ಪರೀಕ್ಷೆ ಇದೇ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೊಲದ ನಡುವೆ ನಿಂತು, ನೆರಳು ಮಾಡಿಕೊಳ್ಳದೆ, ಒಂದು ಎಸ್‌ಎಂಎಸ್ ಓದಿ. ಓದಲಾಗದಿದ್ದರೆ ‘ಸ್ವಯಂ ಹೊಳಪು’ ಆನ್ ಮಾಡಿ ಮತ್ತೆ ನೋಡಿ. ಹಲವು ಫೋನುಗಳು ತಮ್ಮ ಅತಿ ಹೆಚ್ಚಿನ ಹೊಳಪನ್ನು ಬಿಸಿಲು ಬಿದ್ದಾಗ ತಾವಾಗಿಯೇ ಕೊಡುತ್ತವೆ, ಕೈಯಲ್ಲಿ ಏರಿಸಿದರೆ ಅಷ್ಟು ಸಿಗುವುದಿಲ್ಲ. ಆಗಲೂ ಕಾಣದಿದ್ದರೆ ಆ ಪರದೆ ಹೊರಗೆ ದುಡಿಯುವವರಿಗೆ ಒಗ್ಗುವುದಲ್ಲ.

ನಂತರ ಬೆರಳಚ್ಚು. ಟೊಮೆಟೊ ಬಿಡಿಸಿದ ಕೈಯನ್ನು ನೋಡಿದವರಿಗೆ ಗೊತ್ತು: ಗಿಡದ ಜಿಗುಟು ಅಂಟಿ ಬೆರಳ ತುದಿಗಳು ಹಸಿರುಗಪ್ಪಾಗಿರುತ್ತವೆ, ಸೋಪು ಹಾಕಿ ತೊಳೆದರೂ ಗೆರೆಗಳ ಸಂದಿಯಲ್ಲಿ ಉಳಿಯುತ್ತದೆ. ಆ ಕೈಗೆ ಪರದೆಯ ಕೆಳಗಿನ ಬೆರಳಚ್ಚು ಸೆನ್ಸರ್ ಹಲವು ಸಲ ಮುನಿಸಿಕೊಳ್ಳುತ್ತದೆ. ಅದಕ್ಕೆ ಮಾಡಬೇಕಾದದ್ದು ಹೀಗೆ: ಸ್ಕ್ರೀನ್ ಗಾರ್ಡ್ ಅಂಟಿಸಿದ ಮೇಲೆಯೇ ಬೆರಳಚ್ಚು ನೋಂದಾಯಿಸಿ, ಮೊದಲೇ ಮಾಡಿದ್ದರೆ ಅಳಿಸಿ ಮತ್ತೆ ಮಾಡಿ. ಕೆಲಸ ಮಾಡುವ ಬಲಗೈ ಹೆಬ್ಬೆರಳನ್ನು ಎರಡು ಸಲ ಸೇರಿಸಿ, ಒಮ್ಮೆ ತೊಳೆದ ಕೈಯಲ್ಲಿ, ಒಮ್ಮೆ ಕೆಲಸ ಬಿಟ್ಟು ಬಂದ ಕೈಯಲ್ಲಿ. ಎಡಗೈ ಕಿರುಬೆರಳೂ ಒಂದಿರಲಿ, ಅದಕ್ಕೆ ಕಲೆ ಕಡಿಮೆ. ಪಕ್ಕದ ಗುಂಡಿಯಲ್ಲೇ ಬೆರಳಚ್ಚು ಇರುವ ಫೋನುಗಳು ಈ ವಿಷಯದಲ್ಲಿ ಹೆಚ್ಚು ನಂಬಿಕಸ್ಥವೆಂದು ನನ್ನ ಅನಿಸಿಕೆ. ಮುಖ ತೋರಿಸಿ ತೆರೆಯುವ ಸೌಲಭ್ಯ ಕಡಿಮೆ ಬೆಲೆಯ ಫೋನುಗಳಲ್ಲಿ ಅಷ್ಟು ಭದ್ರವಲ್ಲ, ಅದನ್ನೇ ನೆಚ್ಚಿಕೊಳ್ಳಬೇಡಿ.

ಜಿಪಿಎಸ್ ಪರೀಕ್ಷೆಗೆ ದುಬಾರಿ ಉಪಾಯವೇನೂ ಬೇಡ, ಪಹಣಿ ಸಾಕು. ಪ್ಲೇ ಸ್ಟೋರಿನಿಂದ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು, ಲೊಕೇಶನ್ ಆನ್ ಮಾಡಿ, ನಿಮ್ಮ ಹೊಲದ ಮಧ್ಯಕ್ಕೆ ಹೋಗಿ ನಿಲ್ಲಿ. ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ನಿಮ್ಮ ಸರ್ವೆ ನಂಬರ್ ನಿಮಗೆ ಬಾಯಿಪಾಠ, ಫೋನ್ ಸರಿಯೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ. ಬದುವಿನ ಮೇಲೆ ನಿಂತು ನೋಡಿದರೆ ಪಕ್ಕದವರ ನಂಬರ್ ಬರಬಹುದು, ಕೆಲವು ಮೀಟರುಗಳ ವ್ಯತ್ಯಾಸ ಫೋನಿನ ಜಿಪಿಎಸ್‌ಗೆ ಮಾಮೂಲು. ಹಾಗಾಗಿ ಬದುವಿನ ತಕರಾರಿಗೆ ಇದನ್ನು ಸಾಕ್ಷಿಯಾಗಿ ಹಿಡಿದುಕೊಂಡು ಹೋಗಬೇಡಿ, ಅದಕ್ಕೆ ಸರ್ವೆಯರೇ ಬರಬೇಕು. ಆದರೆ ಹೊಲದ ನಡುವೆ ನಿಂತರೂ ಎಲ್ಲೆಲ್ಲೋ ತೋರಿಸುವ ಫೋನಿನಿಂದ ಬೆಳೆ ಸಮೀಕ್ಷೆಯ ಫೋಟೊ ಹಾಕುವುದೂ ಕಷ್ಟವಾಗುತ್ತದೆ.

ಕ್ಯಾಮೆರಾವನ್ನು ಹೂವು, ಗುಡಿ ಗೋಪುರಗಳ ಮೇಲೆ ಪರೀಕ್ಷಿಸುತ್ತೇವೆ, ಹಗಲಲ್ಲಿ ಎಲ್ಲವೂ ಚೆನ್ನಾಗಿಯೇ ಬರುತ್ತವೆ. ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸುಗಳ ಹರಾಜು ಮುಗಿದ ಮೇಲೆ ಕೈಗೆ ಬರುವ ಚೀಟಿಯ ಫೋಟೊ ತೆಗೆಯಿರಿ. ತೆಳು ಕಾಗದ, ಅವಸರದ ಬರಹ, ಮಂಕು ಬೆಳಕು. ಮನೆಗೆ ಬಂದು ಅದನ್ನು ಹಿಗ್ಗಿಸಿದಾಗ ಬಾಕ್ಸಿನ ಲೆಕ್ಕ, ದರ, ಕಮಿಷನ್ ಕಡಿತ ಬಿಡಿಬಿಡಿಯಾಗಿ ಓದಲು ಬಂದರೆ ನಿಮಗೆ ಬೇಕಾದ ಕ್ಯಾಮೆರಾ ಅದೇ. ಅಲ್ಲೇ ನಿಂತು ಮನೆಗೊಂದು ಕರೆಯನ್ನೂ ಮಾಡಿ. ಹರಾಜಿನ ಕೂಗಿನ ನಡುವೆ ನಿಮ್ಮ ಮಾತು ಆ ಕಡೆಯವರಿಗೆ ಎಷ್ಟು ಕೇಳಿಸಿತೆಂದು ಅವರನ್ನೇ ಕೇಳಿ. ಮೈಕ್ ಹೇಗಿದೆಯೆಂದು ನಮ್ಮ ಕಿವಿಗೆ ಗೊತ್ತಾಗುವುದಿಲ್ಲ.

ಬಿಸಿಯ ಬಗ್ಗೆಯೂ ಎಚ್ಚರ ಬೇಕು. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಬಾನೆಟ್ ಮೇಲೆ, ಬೈಕಿನ ಟ್ಯಾಂಕ್ ಕವರಿನಲ್ಲಿ ಫೋನ್ ಇಟ್ಟರೆ ಬ್ಯಾಟರಿಯ ಆಯುಸ್ಸು ಕರಗುತ್ತದೆ. ಚಾರ್ಜ್ ಶೇ 80ಕ್ಕೆ ನಿಲ್ಲಿಸುವ ಸೌಲಭ್ಯ ಈಗ ಹಲವು ಫೋನುಗಳಲ್ಲಿದೆ, ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವವರು ಅದನ್ನು ಆನ್ ಮಾಡಿಟ್ಟುಕೊಳ್ಳಿ.

ಬೇಡದ್ದನ್ನು ತೆಗೆಯುವುದು

ಕಡಿಮೆ ಬೆಲೆಯ ಫೋನುಗಳಲ್ಲಿ ನೀವು ಕೇಳದ ಆಟಗಳು, ಸಾಲದ ಆ್ಯಪ್‌ಗಳು, ಸುದ್ದಿ ಆ್ಯಪ್‌ಗಳು ಮೊದಲೇ ಕೂತಿರುತ್ತವೆ. ಅಳಿಸಬಹುದಾದದ್ದನ್ನು ಅಳಿಸಿ, ಅಳಿಸಲು ಬಿಡದ್ದನ್ನು ನಿಷ್ಕ್ರಿಯಗೊಳಿಸಿ. ಲಾಕ್ ಪರದೆಯ ಮೇಲೆ ಬಂದು ಕೂರುವ ಜಾಹೀರಾತು ಚಿತ್ರಗಳನ್ನೂ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಒಂದು ಟಾರ್ಚ್ ಆ್ಯಪ್ ನಿಮ್ಮ ಸಂಪರ್ಕಗಳನ್ನು ಕೇಳಿದರೆ ಕೊಡಬೇಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಯಾವುದಾದರೂ ಆ್ಯಪ್ ಕ್ಯಾಮೆರಾ ಅಥವಾ ಮೈಕ್ ಬಳಸುತ್ತಿದ್ದರೆ ಪರದೆಯ ಮೇಲ್ಮೂಲೆಯಲ್ಲಿ ಹಸಿರು ಚುಕ್ಕೆ ಕಾಣುತ್ತದೆ. ನೀವು ಫೋಟೊ ತೆಗೆಯದೆ, ಮಾತಾಡದೆ ಇರುವಾಗ ಆ ಚುಕ್ಕೆ ಬಂದರೆ ಯಾರು ಬಳಸುತ್ತಿದ್ದಾರೆಂದು ನೋಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲು, ಅಂದರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಆ್ಯಪ್ ಹಾಕುವ ಫೈಲು. ಪಿಎಂ ಕಿಸಾನ್ ಹಣದ ಹೆಸರಿನಲ್ಲಿ, ಸಂಚಾರ ದಂಡದ ಹೆಸರಿನಲ್ಲಿ, ಮದುವೆ ಆಮಂತ್ರಣದ ಹೆಸರಿನಲ್ಲಿ ಅದು ಬರುತ್ತದೆ. ಗುರುತಿನವರ ನಂಬರಿನಿಂದಲೇ ಬರಬಹುದು, ಏಕೆಂದರೆ ಅವರ ಫೋನ್ ಆಗಲೇ ಕಳ್ಳರ ಕೈಸೇರಿರುತ್ತದೆ. ಒತ್ತಿ, ಸ್ಥಾಪಿಸಿ, ಅನುಮತಿ ಕೊಟ್ಟರೆ ನಿಮ್ಮ ಒಟಿಪಿ ಸಂದೇಶಗಳನ್ನು ಆ ಫೈಲು ಓದತೊಡಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಅಪರಿಚಿತ ಆ್ಯಪ್‌ಗಳ ಸ್ಥಾಪನೆ’ ಎಂದು ಹುಡುಕಿ, ವಾಟ್ಸ್‌ಆ್ಯಪ್ ಮತ್ತು ಬ್ರೌಸರ್ ಎರಡಕ್ಕೂ ಅನುಮತಿ ಇಲ್ಲದಂತೆ ಮಾಡಿ. ಮನೆಯಲ್ಲಿರುವ ಪ್ರತಿಯೊಂದು ಫೋನಿಗೂ ಇದನ್ನು ಮಾಡಿ.

ಕಳೆದುಹೋದರೆ, ಕೆಟ್ಟರೆ

ಐಎಂಇಐ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿ, ಬಿಲ್ಲಿನ ಫೋಟೊ ಮನೆಯ ಇನ್ನೊಬ್ಬರ ಫೋನಿನಲ್ಲಿರಲಿ. ಕಳುವಾದರೆ ಪೊಲೀಸರಿಗೆ ದೂರು ಕೊಟ್ಟು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಆ ಸಂಖ್ಯೆಯನ್ನು ತಡೆಹಿಡಿಸಬಹುದು. ಆಮೇಲೆ ಬೇರೆ ಸಿಮ್ ಹಾಕಿದರೂ ದೇಶದ ಯಾವ ನೆಟ್‌ವರ್ಕಿನಲ್ಲೂ ಆ ಫೋನ್ ನಡೆಯುವುದಿಲ್ಲ. ಲಾಕ್ ಪರದೆಯ ಮೇಲೆ ರಕ್ತದ ಗುಂಪು, ಮನೆಯವರ ನಂಬರ್ ಕಾಣುವಂತೆ ತುರ್ತು ಮಾಹಿತಿ ತುಂಬಿಡಿ.

ವಾರ ಮುಗಿಯುವ ಹೊತ್ತಿಗೂ ಕರೆ ಕಡಿಯುವುದು, ಸುಮ್ಮನಿದ್ದಾಗಲೂ ಬಿಸಿಯಾಗುವುದು, ಪರದೆಯಲ್ಲಿ ಸತ್ತ ಚುಕ್ಕೆ ಕಾಣುವುದು ನಿಲ್ಲದಿದ್ದರೆ ಅಂಗಡಿಗೂ ಸರ್ವಿಸ್ ಸೆಂಟರಿಗೂ ಹೋಗಿ. ‘ಸರಿಹೋಗುತ್ತದೆ, ಬಳಸುತ್ತಿರಿ’ ಎಂಬ ಬಾಯಿಮಾತಿಗೆ ಹಿಂತಿರುಗಬೇಡಿ, ದೋಷ ಬರೆದ ಜಾಬ್ ಶೀಟ್ ಕೇಳಿ ಪಡೆಯಿರಿ. ಅಲ್ಲೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಅಲ್ಲಿ ದೂರು ಸಲ್ಲಿಸಲು ಶುಲ್ಕವಿಲ್ಲ.

ಹೊಸ ಫೋನಿನಲ್ಲಿ ಎಲ್ಲವೂ ಸರಿಯಿದೆ ಎಂದಾದ ಮೇಲೆ ಹಳೆಯದನ್ನು ತಮ್ಮನಿಗೋ ತಂಗಿಗೋ ಕೊಡಿ. ಕೊಡುವ ಮುನ್ನ ಬ್ಯಾಂಕ್ ಆ್ಯಪ್‌ಗಳಿಂದ ಹೊರಬಂದು, ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆಯನ್ನು ತೆಗೆದುಹಾಕಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಈ ಕ್ರಮ ತಪ್ಪಿದರೆ ರೀಸೆಟ್ ಆದ ಮೇಲೂ ಫೋನ್ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಕೇಳುತ್ತಾ ಕೂರಬಹುದು, ಆಗ ಪಡೆದವರು ಬಳಸಲಾಗುವುದಿಲ್ಲ.